ಒಣಗಿದ ತುದಿ

"ಸಾಕು, ಯಂತ್ರ ನಿಲ್ಸಮ್ಮ!" ಪ್ರೊಫೆಸರ್ ಹಿಗ್ಗಿನಿಂದ ಕೂಗಿದರು. "ಜೇಡಿಮಣ್ಣಿನ ಗೋಡೆ ಹಿಂದಿನ ಸೆನ್ಸರ್ ಗೆರೆ ಅಲುಗಾಡೇ ಇಲ್ಲ. ನೀರು ಗೋಡೆ ದಾಟಿಲ್ಲ. ದೊಡ್ಡ ಅಣೆಕಟ್ಟನ್ನೂ ಹೀಗೇ ಕಟ್ಟಬಹುದು ಅಂತ ಬರೆದುಬಿಡ್ತೀನಿ."

ಯಂತ್ರ ನಿಲ್ಲಿಸುವ ಗುಂಡಿಯ ಮೇಲಿಟ್ಟ ವಿದ್ಯಾರ್ಥಿನಿಯ ಬೆರಳು ತಡೆಯಿತು. ಯಂತ್ರದಲ್ಲಿ ಪರೀಕ್ಷೆಗಿಟ್ಟ ಆ ಪುಟ್ಟ ಮಣ್ಣಿನ ಅಣೆಕಟ್ಟಿನ ಮಾದರಿಯೊಳಗೆ ಆರೂ ಸೆನ್ಸರ್‌ಗಳನ್ನು ಹೂತವಳು ಅವಳೇ. ಸೆನ್ಸರ್ ತುದಿಯಲ್ಲಿರುವ ನೀರು ಹೀರುವ ಕಲ್ಲು ಒಣಗಬಾರದೆಂದು ಐದನ್ನು ನೀರೊಳಗೇ ಸಾಗಿಸಿದ್ದಳು. ಗೋಡೆಯ ಹಿಂದೆ ಹೂಳಬೇಕಿದ್ದ ಆರನೆಯದನ್ನು ಎತ್ತಿ ಹಿಡಿದಾಗ ಅಕ್ಕನ ಫೋನು ಬಂತು. ಆಡಿದ್ದು ಎರಡೇ ಮಾತು. ಅಷ್ಟರಲ್ಲಿ ಕಲ್ಲು ಗಾಳಿ ಕುಡಿದಿತ್ತು. ಗಾಳಿ ಹೊಕ್ಕ ಸೆನ್ಸರ್ ನೀರಿನ ಒತ್ತಡವನ್ನು ತಡವಾಗಿ ಹೇಳುತ್ತದೆ. ಈಗಲೇ ಗುಂಡಿ ಒತ್ತಿದರೆ ಅವಳ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ.

ಅವಳು ಕೈ ಹಿಂದೆಗೆದಳು. "ಒಂದ್ನಿಮಿಷ ತಡೀರಿ ಸರ್. ಆ ಸೆನ್ಸರ್ ನನ್ನ ಕೈಯಲ್ಲೇ ಒಣಗಿತ್ತು."

ಪ್ರೊಫೆಸರ್ ಸಿಡುಕಲು ಬಾಯಿ ತೆರೆದರು. ಬಯ್ಯುವ ಬದಲು ಪರದೆಯತ್ತ ಬಾಗಿದರು. ಅಲ್ಲಿ ಆರನೆಯ ಸೆನ್ಸರಿನ ಗೆರೆ ಮೆಲ್ಲಗೆ ತಲೆ ಎತ್ತುತ್ತಿತ್ತು.