ನಲವತ್ಮೂರನೆಯ ಮುಚ್ಚಳ

"ಈ ಅಜ್ಜಿ ಎಲ್ಲಿ?" ತೆರಿಗೆ ಅಧಿಕಾರಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದರು.

ಒಡತಿ ಬಾಗಿಲ ಕಡೆ ನೋಡಿದಳು. ಹತ್ತಕ್ಕೆ ಬರಬೇಕಿದ್ದ ಮುದುಕಿ ಹನ್ನೊಂದೂವರೆಯಾದರೂ ಪತ್ತೆಯಿಲ್ಲ. "ಬರ್ತಾರೆ ಸರ್. ಎರಡು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿದವರಲ್ಲ."

"ಇವತ್ತೇ ತಪ್ಪಿಸಿಕೊಂಡ್ರು."

ಔಷಧದ ಸೀಸೆಗಳಿಗೆ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆ ಅದು. ಒಂದು ಅಚ್ಚಿನ ಯಂತ್ರ, ಇಬ್ಬರು ಕೆಲಸಗಾರರು, ಗೋಡೆಯುದ್ದಕ್ಕೂ ಕಪಾಟು. ಒಡತಿಯ ಮಗಳು ಮೂರು ವರ್ಷದವಳಿದ್ದಾಗ ಅತ್ತೆಯ ಮಾತ್ರೆಗಳನ್ನು ಮಿಠಾಯಿಯೆಂದು ನುಂಗಿ, ಎರಡು ದಿನ ಎಲ್ಲರ ಜೀವ ಬಾಯಿಗೆ ತಂದಿದ್ದಳು. ಅಂದಿನಿಂದ ಇವಳಿಗೆ ಒಂದೇ ಹುಚ್ಚು: ಮಗುವಿನ ಕೈಗೆ ಬಗ್ಗದ, ಮುಪ್ಪಿನ ಕೈಗೆ ಒಲಿಯುವ ಮುಚ್ಚಳ. ಹೊಸದನ್ನು ಹುಡುಕಲು ಖರ್ಚು ಮಾಡುವ ಕಂಪನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟೆಂದು ತಿಳಿದು ಅರ್ಜಿ ಹಾಕಿದ್ದಳು. ಸಿಕ್ಕರೆ ಹೊಸ ಅಚ್ಚು. ಸಿಗದಿದ್ದರೆ ತಿಂಗಳ ಕೊನೆಗೆ ಬಾಗಿಲಿಗೆ ಬೀಗ.

ಅಧಿಕಾರಿ ಕೆಟ್ಟವರೇನಲ್ಲ. ಆದರೆ ಕೂತಲ್ಲಿ ಕೂರುತ್ತಿರಲಿಲ್ಲ. ತಲೆನೋವೆಂದು ಹಣೆ ಒತ್ತಿಕೊಳ್ಳುತ್ತ ಕಪಾಟಿನ ಮುಂದೆ ಶತಪಥ ಹಾಕುತ್ತಿದ್ದರು. ಹೆಜ್ಜೆ ಹೆಜ್ಜೆಗೂ ಕೋಟಿನ ಜೇಬಿನಲ್ಲಿ ಏನೋ ಗಿಲಗಿಲ ಎನ್ನುತ್ತಿತ್ತು.

"ಸೋತಿದ್ದು ತಪ್ಪಲ್ಲಮ್ಮ. ಐವತ್ತು ಸಲ ಸೋತಿದೀರಿ, ಸಂಶೋಧನೆ ಅಂದ್ರೆ ಅದೇ. ಆದ್ರೆ ಪರೀಕ್ಷೆ ಮಾಡಿದವರು ಅಂತ ಒಬ್ರು ಇರಬೇಕಲ್ಲ?"

ಪುಸ್ತಕದಲ್ಲಿ ಪ್ರತಿ ಮುಚ್ಚಳಕ್ಕೂ ಅಜ್ಜಿಯ ಅಭಿಪ್ರಾಯವಿತ್ತು. ಅಜ್ಜಿ ಹೇಳಿದ್ದು, ಒಡತಿ ಬರೆದದ್ದು, ಕೆಳಗೆ ಹೆಬ್ಬೆಟ್ಟು. ಹದಿನೇಳನೆಯದು: ಇದು ತೆರೆಯುವಷ್ಟರಲ್ಲಿ ಕಾಯಿಲೆಯೇ ವಾಸಿಯಾಗುತ್ತದೆ. ಮೂವತ್ತನೆಯದು: ಮೇಲೆ ಕೂತರೆ ತೆರೆಯಬಹುದೇನೋ. ಅಧಿಕಾರಿಗೆ ನಗು ಬಂತು. ಕೆಮ್ಮಿ ಅದನ್ನು ಮುಚ್ಚಿಕೊಂಡರು. ಇಷ್ಟು ಚುರುಕು ನಾಲಿಗೆಯವರು ಹೆಬ್ಬೆಟ್ಟು ಒತ್ತುತ್ತಾರಾ ಎಂದು ಕೇಳಿದರು. ಸಂಧಿವಾತ, ಬೆರಳು ಸೊಟ್ಟಗಾಗಿವೆ, ಪೆನ್ನು ನಿಲ್ಲುವುದಿಲ್ಲ ಎಂದಳು ಒಡತಿ.

"ಹೆಸರು?"

ಹೆಸರು ಅವಳಿಗೂ ಗೊತ್ತಿರಲಿಲ್ಲ. ಔಷಧದಂಗಡಿಯ ಮುಂದೆ ಸೀಸೆಯೊಡನೆ ಜಗಳವಾಡುತ್ತಿದ್ದ ಅಜ್ಜಿಯನ್ನು ಕೈಹಿಡಿದು ಕರೆತಂದದ್ದು. ಹೆಸರು ಕೇಳಿದರೆ, "ಅಜ್ಜಿ ಅಂತ ಬರ್ಕೋ, ಸಾಕು. ದುಡೀತೀನಿ ಅಂತ ಮನೇಲಿ ಗೊತ್ತಾದ್ರೆ ಹೊಸಿಲು ದಾಟಿಸಲ್ಲ" ಎಂದಿದ್ದರು. ಇವಳು ನಕ್ಕು ಹಾಗೆಯೇ ಬರೆದುಕೊಂಡಿದ್ದಳು. ಮಾಡಿದ ತಪ್ಪೆಂದರೆ ಅದೊಂದೇ. ನಿನ್ನೆ, ತೆರಿಗೆಯವರು ಬರುತ್ತಾರೆ, ಸುಮ್ಮನೆ ಮುಖ ತೋರಿಸಿ ಎಂದಾಗ, ಅರಳು ಹುರಿದಂತೆ ಮಾತಾಡುವ ಅಜ್ಜಿ ಯಾವ ಆಫೀಸಿನವರೆಂದಷ್ಟೇ ಕೇಳಿ ಎದ್ದು ಹೋಗಿದ್ದರು. ಆಫೀಸೆಂದರೆ ಯಾರಿಗೆ ಭಯವಿಲ್ಲ!

"ಅಜ್ಜಿ ಅಂತಲೇ ಸರ್."

"ಊರಿಗೆಲ್ಲ ಅದೊಂದೇ ಅಜ್ಜಿಯಾ?" ಅಧಿಕಾರಿ ಕಪಾಟಿನತ್ತ ತಿರುಗಿದರು. ಸಾಲಾಗಿ ಬಿಳಿ ಮುಚ್ಚಳಗಳು, ಮಧ್ಯೆ ಬಿದ್ದ ಹಲ್ಲಿನಂತೆ ಒಂದು ಸಂದು. "ನಲವತ್ಮೂರು ಎಲ್ಲಿ?"

"ಅಜ್ಜಿ ತಗೊಂಡು ಹೋದ್ರು."

"ಸರಿಹೋಯ್ತು. ಇಲ್ಲದ ಅಜ್ಜಿ ಇಲ್ಲದ ಮುಚ್ಚಳ ತಗೊಂಡು ಹೋದ್ರು."

ಒಡತಿಗೆ ಅಳು ಒತ್ತರಿಸಿ ಬಂತು. ಗೆದ್ದದ್ದು ಅದೊಂದೇ. ಆ ದಿನ ಬಿಳಿ ಕಚ್ಚಾಮಾಲು ಮುಗಿದು, ಮೂಲೆಯಲ್ಲಿ ಉಳಿದಿದ್ದ ಹಳದಿಯಲ್ಲಿ ಎರಕ ಹೊಯ್ದಿದ್ದಳು. ಬಲ ಹಾಕಿದಷ್ಟೂ ಬಿಗಿಯಾಗುವ, ಬಲವಿಲ್ಲದ ಅಂಗೈ ಸುಮ್ಮನೆ ಊರಿ ತಿರುಗಿಸಿದರೆ ತೆರೆಯುವ ಮುಚ್ಚಳ. ಒಂದು ಬಂದದ್ದೇ ಅಚ್ಚು ಬಿರುಕುಬಿಟ್ಟಿತ್ತು. ಅದನ್ನೇ ಮತ್ತೆ ಹಿಡಿಯಲು ಹೋಗಿ ಎಂಟು ಸಲ ಸೋತಿದ್ದಳು. ಅಜ್ಜಿ ಮಾತ್ರ, ನಲವತ್ತೆರಡು ದರಿದ್ರಗಳನ್ನು ತೋರಿಸಿದ್ದೀಯ, ಇದೊಂದು ನನಗಿರಲಿ ಎಂದು ಚೀಲಕ್ಕೆ ಹಾಕಿಕೊಂಡಿದ್ದರು.

ಅಧಿಕಾರಿ ಮೇಜಿಗೆ ಬಗ್ಗಿ ಬರೆದರು: ಪರೀಕ್ಷಕಿ ಇದ್ದರೆಂಬುದಕ್ಕೆ ಪುರಾವೆಯಿಲ್ಲ. ಸಹಿಗೆ ಮುನ್ನ ಪೆನ್ನು ಕೆಳಗಿಟ್ಟು ಹಣೆ ಹಿಡಿದುಕೊಂಡರು. ಜೇಬಿನಿಂದ ಮಾತ್ರೆಯ ಸೀಸೆ ತೆಗೆದು ತಿರುಚಿದರು. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಚಿದರು. ಮುಖ ಕೆಂಪಾಯಿತೇ ಹೊರತು ಮುಚ್ಚಳ ಅಲ್ಲಾಡಲಿಲ್ಲ. ಕೊನೆಗೆ ಅವಳ ಕಡೆ ಚಾಚಿದರು.

ಹಳದಿ ಮುಚ್ಚಳ.

ಒಡತಿ ಅಂಗೈ ಊರಿ ಹಗುರಾಗಿ ತಿರುಗಿಸಿದಳು. ಟಕ್ಕೆಂದು ಬಿಟ್ಟುಕೊಂಡಿತು. ಒಳಗಡೆ ಅವಳದೇ ಕೈಬರಹದ ಅಂಕಿ: ನಲವತ್ಮೂರು.

ಅಧಿಕಾರಿ ನಾಚಿಕೆಯಿಂದ ಅಂಗೈ ಒಡ್ಡಿದರು. "ನನ್ನ ಕೈಗೆ ಇದು ಯಾವತ್ತೂ ಬಗ್ಗಲ್ಲ ನೋಡಿ. ಮನೇಲಿ ನಮ್ಮಮ್ಮನೇ ತೆಗೆದುಕೊಡೋದು."