ನೀಲಗಂಗಾ ಮಾಡಿದ ಕಂದೀಲು

ಸತ್ತವರು ಸಿಮ್ಯುಲೇಶನ್ ಆಟದೊಳಗಿನ ಊರಿನಲ್ಲಿ ಬದುಕತೊಡಗಿದ ಮೇಲೆ ಅವರ ಮನೆಗಳಿಗೆ ದೀಪ ಮಾಡಿಕೊಡುವುದೇ ನೀಲಗಂಗಾಳ ಕೆಲಸವಾಗಿತ್ತು. ಊರವರದೆಲ್ಲ ಮುಗಿಸಿ, ದಣಿದ ಕಣ್ಣಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ತೀರಿಹೋಗಿದ್ದ ಗಂಡ ಶಿವಪುತ್ರನಿಗೊಂದು ಕಂದೀಲು ಮಾಡತೊಡಗಿದಳು. ಗಾಜು ತಿಳಿಯಾದರೆ ಬೆಳಕು ಸಾಯುತ್ತಿತ್ತು. ಬೆಳಕು ಹೆಚ್ಚಿಸಿದರೆ ಗಾಜು ಹಾಲಿನಂತೆ ಬಿಳುಚುತ್ತಿತ್ತು. ಅಂತೂ ಎರಡೂ ಕೂಡಿಬಂದವು. ಆಟದೊಳಗೆ ಹೋಗಿ ಅವನ ಕತ್ತಲ ಕೋಣೆಯಲ್ಲಿ ಅದನ್ನು ತೂಗುಹಾಕಿದಳು.

ಹೊರಗಿನಿಂದ ಭೇಟಿಗೆ ಬಂದವರ ಮುಖ ನಿಜದಲ್ಲಿ ಹೇಗಿತ್ತೋ ಆಟದೊಳಗೂ ಹಾಗೆಯೇ ಕಾಣುತ್ತಿತ್ತು.

“ಎಷ್ಟ ಸೊರಗೀಯಲ್ಲ ನೀಲಾ! ನಿದ್ದೀನ ಮಾಡೂದಿಲ್ಲೇನು?” ಎಂದ ಶಿವಪುತ್ರ.

“ಕೆಲಸ ಭಾಳ ಐತ್ರಿ,” ಎನ್ನುತ್ತ ಅವಳು ದೀಪ ಸಣ್ಣದು ಮಾಡಲು ಕೈಯೆತ್ತಿದಳು.

ಅವನು ಆ ಕೈ ಹಿಡಿದ. “ಇರಲಿ ಬಿಡು. ಕತ್ತಲಾಗ ಬರೇ ನಿನ್ನ ದನಿ ಕೇಳಿ ಸಾಕಾಗೈತಿ. ಒಂದೀಟ ನೋಡತೀನಿ.”

ನೀಲಗಂಗಾ ಕೈ ಇಳಿಸಿ, ಬೆಳಕಿಗೆ ಮುಖ ಕೊಟ್ಟು ಕುಳಿತಳು.