ಮೊದಲು ಹೊಸಿಲು ದಾಟಿದವರು

ಹೊಸ ಮನೆಗೆ ಹಾಕಿಸಿದ ಸಾಫ್ಟ್‌ವೇರ್, ಮೊದಲು ಹೊಸಿಲು ದಾಟಿದವರನ್ನೇ ಅಡ್ಮಿನ್ ಮಾಡಿಕೊಳ್ಳುತ್ತದೆ. ಗೃಹಪ್ರವೇಶದ ಗಡಿಬಿಡಿಯಲ್ಲಿ ಸುಗುಣಾ ಅದನ್ನು ಮರೆತು, ಪದ್ಧತಿಯಂತೆ ಮೊದಲು ಹಸುವನ್ನು ಒಳಗೆ ಕಳಿಸಿದ್ದಳು. ಮಧ್ಯಾಹ್ನ ನೆಂಟರನ್ನು ಬೀಳ್ಕೊಡಲು ಹೊರಬಂದಾಗ ಬಾಗಿಲು ಮುಚ್ಚಿಕೊಂಡಿತು. ಅಡ್ಮಿನ್ ಒಪ್ಪದೆ ಅದು ತೆರೆಯದು. ಒಳಗೆ ಮಲಗಿಸಿದ್ದ ಅವಳ ಮಗು ಅಳುತ್ತಿತ್ತು.

ಹಸುವಿನವನು ಚೌಡಪ್ಪ, ಅವಳು ಫೋನ್ ಮಾಡಿದ ಕೂಡಲೇ ಅರ್ಧ ದಾರಿಯಿಂದ ಟೆಂಪೋ ತಿರುಗಿಸಿಕೊಂಡು ಬಂದ. "ಗಾಬರಿಯಾಗ್ಬೇಡಿ ಅಕ್ಕ, ಈ ವಾರ ಇದು ಮೂರನೇ ಮನೆ" ಎನ್ನುತ್ತಾ ಹಸುವನ್ನು ಬಾಗಿಲ ಕ್ಯಾಮೆರಾದ ಎದುರು ನಿಲ್ಲಿಸಿದ.

"ಅಡ್ಮಿನ್‌ಗೆ ನಮಸ್ಕಾರ" ಎಂದಿತು ಮನೆ. "ಪಕ್ಕದಲ್ಲಿರುವವರನ್ನು ಒಳಗೆ ಬಿಡಲೇ?"

ಹಸುವಿನ ತಲೆ ಆಡಲೆಂದು ಸುಗುಣಾ ಬಾಳೆಹಣ್ಣನ್ನು ಮೇಲೆ ಕೆಳಗೆ ಆಡಿಸಿದಳು. ಹಸು ಕತ್ತೆತ್ತಿತು. ಅಷ್ಟರಲ್ಲಿ ಕಿವಿಯ ಮೇಲೊಂದು ನೊಣ ಕೂತಿತು. ಹಸು ಅತ್ತಿತ್ತ ತಲೆ ಕೊಡವಿತು.

"ಆಗಲಿ, ಬಿಡುವುದಿಲ್ಲ" ಎಂದಿತು ಮನೆ. "ಮತ್ತೆ ಕೇಳುವುದು ಇಪ್ಪತ್ತನಾಲ್ಕು ಗಂಟೆಗಳ ನಂತರ."